ದೀಪ ಸುಳ್ಳು ಹೇಳಿತೆ?

ಮೋಟಾರು ಗಾಡಿಯಲ್ಲಿ ಚಾಲಕನ ಮುಂದೆ ಹೊತ್ತಿಕೊಳ್ಳುವ ಎಚ್ಚರಿಕೆಯ ದೀಪಗಳಲ್ಲಿ, ಎಂಜಿನ್ನನ್ನು ತಂಪಾಗಿಡುವ ದ್ರವವು ಕಡಮೆಯಾಗಿದೆಯೆಂದು ಸಾರುವ ದೀಪವೂ ಒಂದು. ಈ ದ್ರವಕ್ಕೆ ಕೂಲೆಂಟ್ ಎಂದು ಹೆಸರು. ದೀಪವು ಹೊತ್ತಿತೆಂದು ಬಾನೆಟ್ಟನ್ನೆತ್ತಿ ನೋಡಿದರೆ ಕೆಲವೊಮ್ಮೆ ತೊಟ್ಟಿಯಲ್ಲಿ ದ್ರವವು ತಕ್ಕಷ್ಟು ಇದ್ದೇ ಇರುತ್ತದೆ. ಆಗ ಗಾಡಿಯ ಒಡೆಯರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವರು. ದೀಪವೇ ಕೆಟ್ಟಿದೆಯೆಂದು ಅದನ್ನು ಅಲಕ್ಷಿಸಿ ಮುಂದೆ ಸಾಗುವುದು ಒಂದು. ಗ್ಯಾರೇಜಿಗೆ ಕೊಂಡೊಯ್ದು ಅವರು ಹೇಳಿದ ಭಾಗಗಳನ್ನೆಲ್ಲ ಬದಲಾಯಿಸಿ ಹಣ ತೆತ್ತು ಬರುವುದು ಇನ್ನೊಂದು. ಈ ಎರಡೂ ವಿಜ್ಞಾನದ ದಾರಿಗಳಲ್ಲವೆಂಬುದು ನಮ್ಮ ಅಭಿಪ್ರಾಯ. ಮೂರನೆಯದೊಂದು ದಾರಿಯುಂಟು. ಅದಕ್ಕೆ ಬೇಕಾದ ವಿದ್ಯೆಯು ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ದೀಪಕ್ಕೆ ತಿಳಿದಿರುವುದಾದರೂ ಏನು? ದ್ರವದ ಮಟ್ಟವನ್ನು ಅದು ನೇರವಾಗಿ ಕಾಣಲಾರದು. ಹಲವು ಗಾಡಿಗಳ ತೊಟ್ಟಿಯೊಳಗೆ ಒಂದು ಬೆಂಡು ತೇಲುತ್ತಿರುತ್ತದೆ. ಅದರಲ್ಲಿ ಒಂದು ಪುಟ್ಟ ಅಯಸ್ಕಾಂತವಿರುತ್ತದೆ. ಸಮೀಪದಲ್ಲಿ ರೀಡ್ ಸ್ವಿಚ್ಚನ್ನು ಇರಿಸಿರುತ್ತಾರೆ. ಗಾಜಿನ ನಳಿಕೆಯೊಳಗೆ ಮುಚ್ಚಿಟ್ಟ ಎರಡು ತೆಳುವಾದ ಲೋಹದ ಪಟ್ಟಿಗಳೇ ಈ ಸ್ವಿಚ್ಚು. ಅಯಸ್ಕಾಂತವು ಹತ್ತಿರ ಬಂದರೆ ಪಟ್ಟಿಗಳು ಕೂಡುತ್ತವೆ, ದೂರ ಸರಿದರೆ ಅಗಲುತ್ತವೆ. ೧೯೩೬ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ವಾಲ್ಟರ್ ಎಲ್‌ವುಡ್ ಎಂಬವರು ಇದನ್ನು ರೂಪಿಸಿದರು. ಬೇರೆ ಕೆಲವು ಗಾಡಿಗಳಲ್ಲಿ ಬೆಂಡಿಗೆ ಬದಲಾಗಿ ಎರಡು ಲೋಹದ ಕಡ್ಡಿಗಳು ದ್ರವದಲ್ಲಿ ಮುಳುಗಿರುತ್ತವೆ. ದ್ರವದ ಮೂಲಕ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ಹರಿದರೆ ದ್ರವವು ಸಾಕಷ್ಟಿದೆಯೆಂದು ಅರ್ಥ. ಹೀಗೆ ದೀಪಕ್ಕೆ ತಿಳಿದಿರುವುದು ಒಂದು ತಂತಿಯ ಸುತ್ತಿನಲ್ಲಿ ವಿದ್ಯುತ್ತು ಹರಿಯುತ್ತಿದೆಯೆ ಇಲ್ಲವೆ ಎಂಬುದಷ್ಟೆ. ದ್ರವಕ್ಕೂ ದೀಪಕ್ಕೂ ನಡುವೆ ಬೆಂಡು, ಸ್ವಿಚ್ಚು, ಪ್ಲಗ್ಗು, ತಂತಿ ಎಂದು ಹಲವು ಕೊಂಡಿಗಳ ಸರಪಳಿಯಿದೆ. ಯಾವ ಕೊಂಡಿ ಕೆಟ್ಟರೂ ದೀಪದ ಮಾತು ಬದಲಾಗಬಹುದು.

ಆದುದರಿಂದ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಆದರೆ ಪರೀಕ್ಷೆಯ ಆರಂಭವು ದೀಪವು ನಿಜವನ್ನೇ ಹೇಳುತ್ತಿದೆಯೆಂಬ ಊಹೆಯಿಂದಲೇ ಆಗತಕ್ಕದ್ದು. ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಬಿಸಿಯಿರುವಾಗ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಪ್ರೆಷರ್ ಕುಕ್ಕರಿನಲ್ಲಿರುವಂತೆ ಇಲ್ಲಿಯೂ ಒತ್ತಡದ ಕಾರಣದಿಂದ ದ್ರವವು ೧೦೦ ಡಿಗ್ರಿ ಸೆಲ್ಸಿಯಸನ್ನು ಮೀರಿಯೂ ಕುದಿಯದೆ ನಿಂತಿರಬಹುದು; ಮುಚ್ಚಳವನ್ನು ತೆರೆದ ಕ್ಷಣವೇ ಅದು ಕುದಿದು ಮುಖಕ್ಕೆ ಚಿಮ್ಮುವುದು. ತಣ್ಣಗಾದ ಮೇಲೆ ತೊಟ್ಟಿಯ ಮೇಲಿನ ಎರಡು ಗೆರೆಗಳ ನಡುವೆ ದ್ರವವಿದೆಯೆ ಎಂದು ನೋಡಬೇಕು. ಕೆಳಗಿನ ಗೆರೆಗಿಂತ ಇಳಿದಿದ್ದರೆ ದೀಪವು ಸತ್ಯವನ್ನೇ ಹೇಳಿದೆ. ದ್ರವವು ಎಲ್ಲಿ ಸೋರಿತೆಂದು ಹುಡುಕುವುದೇ ಮುಂದಿನ ಕೆಲಸ. ಶಾಖದ ಮುಳ್ಳು ಏರಿಲ್ಲವಲ್ಲಾ ಎಂದು ಸಮಾಧಾನಪಡುವುದೂ ಸರಿಯಲ್ಲ. ದ್ರವವು ತೀರ ಇಳಿದರೆ ಶಾಖವನ್ನಳೆಯುವ ಸಾಧನವು ಬರಿಯ ಗಾಳಿಯಲ್ಲಿ ನಿಂತು, ಎಂಜಿನ್ನು ಸುಡುತ್ತಿರುವಾಗಲೂ ಕಡಮೆ ಶಾಖವನ್ನೇ ತೋರಿಸಬಹುದು.

ದ್ರವವು ಸರಿಯಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ತೊಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ದೀಪವು ಆರಿದರೆ, ತುಕ್ಕಿನ ಕೆಸರಿನಲ್ಲಿ ಬೆಂಡು ಸಿಕ್ಕಿಕೊಂಡಿತ್ತೆಂದು ಶಂಕಿಸಬಹುದು. ಕಡ್ಡಿಗಳ ಬಗೆಯದಾದರೆ, ಕಡ್ಡಿಗಳ ಮೇಲೆ ಪೊರೆ ಕಟ್ಟಿರಬಹುದು. ಅಥವಾ ಯಾರೋ ಬರಿಯ ಬಟ್ಟಿಯಿಳಿಸಿದ ನೀರನ್ನು ತುಂಬಿರಬಹುದು. ಶುದ್ಧವಾದ ನೀರು ವಿದ್ಯುತ್ತನ್ನು ಬಹಳ ಕಡಮೆ ಹರಿಯಗೊಡುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಬಳಿಕ ಗಾಡಿಯ ಕೀಲಿಯನ್ನು ತೆಗೆದು ಪ್ಲಗ್ಗನ್ನು ಕಳಚಿ, ಹಸಿರು ಕಿಲುಬು ಹಿಡಿದಿದೆಯೆ ಎಂದು ನೋಡಬೇಕು. ಎರಡು ತಂತಿಗಳ ಸರಳವಾದ ಸ್ವಿಚ್ಚಾದರೆ, ಗಾಡಿಯ ಕೈಪಿಡಿಯನ್ನು ನೋಡಿಕೊಂಡು, ಪ್ಲಗ್ಗನ್ನು ಬಿಡಿಸಿಟ್ಟಾಗ ದೀಪವು ಹೇಗಿದೆ, ತಂತಿಯ ಕಡೆಯ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದಾಗ ಹೇಗಿದೆ ಎಂದು ಪರೀಕ್ಷಿಸಬಹುದು. ಪ್ರತಿ ಸಲವೂ ಕೀಲಿಯನ್ನು ಆರಿಸಿ ಮತ್ತೆ ಹಾಕಿ ನೋಡಬೇಕು. ದೀಪವು ಒಂದರಲ್ಲಿ ಹೊತ್ತಿ ಇನ್ನೊಂದರಲ್ಲಿ ಆರಿದರೆ ತಂತಿಯೂ ದೀಪವೂ ನಿರಪರಾಧಿಗಳು. ದೋಷವು ತೊಟ್ಟಿಯ ಕಡೆಗಿದೆ. ಎರಡರಲ್ಲಿಯೂ ಒಂದೇ ಬಗೆಯಾಗಿದ್ದರೆ ದೋಷವು ತಂತಿಯ ಕಡೆಗಿದೆ. ಮೂರು ತಂತಿಗಳಿರುವ ಎಲೆಕ್ಟ್ರಾನಿಕ್ ಸಾಧನಗಳಿಗೆ ಈ ಪರೀಕ್ಷೆ ಸಲ್ಲದು.

ಇಲ್ಲಿಯ ನಿಯಮವೊಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ದ್ರವ, ಸ್ವಿಚ್ಚು, ಪ್ಲಗ್ಗು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ದೀಪವು ಆರೀತು, ಆದರೆ ಕಾರಣವು ತಿಳಿಯದು. ಮತ್ತೊಮ್ಮೆ ಹೊತ್ತಿದಾಗ ನಾವು ಮೊದಲಿನಷ್ಟೇ ಅಜ್ಞಾನಿಗಳಾಗಿರುತ್ತೇವೆ.

ಈ ಪರೀಕ್ಷೆಯಿಂದ ಒಂದು ದುರಭ್ಯಾಸವೂ ಹುಟ್ಟಬಹುದು. ತಂತಿಯ ತುಂಡಿನಿಂದ ದೀಪವು ಆರುವುದನ್ನು ಕಂಡವರು ಅದನ್ನು ಅಲ್ಲಿಯೇ ಶಾಶ್ವತವಾಗಿ ಬಿಟ್ಟುಬಿಡುವುದುಂಟು. ಇದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಇಂತಹ ಎಚ್ಚರಿಕೆಯ ವ್ಯವಸ್ಥೆಗಳಲ್ಲಿ ಹಲವನ್ನು, ತನ್ನ ತಂತಿಯೇ ತುಂಡಾದರೂ ಎಚ್ಚರಿಕೆ ಕೊಡುವಂತೆ ಬೇಕೆಂದೇ ರಚಿಸಿರುತ್ತಾರೆ. ೧೮೭೨ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ರೈಲು ಹಳಿಗಳಿಗೆ ಅಳವಡಿಸಿದ ವಿದ್ಯುತ್ ಸುತ್ತಿನ ತತ್ತ್ವವೂ ಇದೇ: ಹಳಿಯ ಮೇಲೆ ಗಾಡಿಯಿದ್ದರೂ, ತಂತಿ ಹರಿದರೂ ಸಿಗ್ನಲ್ಲು ಅಪಾಯವನ್ನೇ ತೋರಿಸುತ್ತದೆ. ಇಲ್ಲಿ ಹುಸಿ ಎಚ್ಚರಿಕೆಯು ಯಂತ್ರದ ಅವಗುಣವಲ್ಲ, ವಿವೇಕ. "ಹುಲಿ ಬಂತು ಹುಲಿ" ಎಂದು ಕೂಗಿದ ಹುಡುಗನ ಕಥೆಯಲ್ಲಿ ಹುಡುಗನ ತಪ್ಪನ್ನೇ ಎಲ್ಲರೂ ಹೇಳುವರು. ಹುಲಿಯು ನಿಜವಾಗಿ ಬಂದ ದಿನ ಎದ್ದು ನೋಡದ ಊರವರ ತಪ್ಪನ್ನು ಯಾರೂ ಹೇಳುವುದಿಲ್ಲ.

ದೀಪದ ಅರ್ಥವನ್ನು ವಿಚಾರಿಸದಿದ್ದರೆ ಏನಾಗಬಹುದೆಂಬುದಕ್ಕೆ ಭಯಂಕರವಾದ ನಿದರ್ಶನವೊಂದಿದೆ. ೧೯೭೯ರ ಮಾರ್ಚಿ ೨೮ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುದಾಗಾರದಲ್ಲಿ ಒತ್ತಡವನ್ನು ಇಳಿಸುವ ಕವಾಟವೊಂದು ತೆರೆದೇ ನಿಂತಿತು. ಆದರೆ ಅದಕ್ಕೆ ಸಂಬಂಧಿಸಿದ ದೀಪವು ಆರಿತ್ತು. ಕವಾಟವು ಮುಚ್ಚಿದೆಯೆಂದು ಕೆಲಸಗಾರರು ಭಾವಿಸಿದರು. ವಾಸ್ತವವಾಗಿ ಆ ದೀಪವು ಮುಚ್ಚುವ ಆಜ್ಞೆಯು ಹೋಗಿದೆಯೆಂಬುದನ್ನು ತಿಳಿಸುತ್ತಿತ್ತೇ ಹೊರತು, ಕವಾಟವು ಮುಚ್ಚಿದೆಯೆಂಬುದನ್ನಲ್ಲ. ನೀರಿನ ಮಟ್ಟದ ಸೂಚಿಯೂ ದಾರಿ ತಪ್ಪಿಸಿದುದರಿಂದ ಅವರು ತುರ್ತು ನೀರನ್ನು ಕಡಮೆ ಮಾಡಿದರು. ಎರಡು ಗಂಟೆಗೂ ಮೀರಿ ತಂಪುಗೊಳಿಸುವ ನೀರು ಹೊರಹೋಯಿತು. ರಿಯಾಕ್ಟರಿನ ಒಡಲಿನ ಸುಮಾರು ಅರ್ಧಭಾಗ ಕರಗಿತು. ಗಾಡಿಯ ತೊಟ್ಟಿಗೂ ಈ ಆಗಾರಕ್ಕೂ ಗಾತ್ರದಲ್ಲಿ ಹೋಲಿಕೆಯಿಲ್ಲ. ದೀಪವನ್ನೇ ವಸ್ತುವೆಂದು ತಿಳಿಯುವ ತಪ್ಪು ಮಾತ್ರ ಎರಡು ಕಡೆಯೂ ಒಂದೇ.

ಇಂದಿನ ಗಾಡಿಗಳು ಜಟಿಲವಾಗಿವೆ, ಇದೆಲ್ಲ ಕಸಬುದಾರರ ಕೆಲಸ ಎಂದು ಕೆಲವರು ಆಕ್ಷೇಪಿಸಬಹುದು. ಬ್ರೇಕು ಮೊದಲಾದುವುಗಳ ವಿಷಯದಲ್ಲಿ ಇದನ್ನು ನಾವೂ ಒಪ್ಪುತ್ತೇವೆ. ಆದರೆ ಕಣ್ಣಿಗೆ ಕಾಣುವ ತೊಟ್ಟಿ, ಕೈಗೆ ಸಿಗುವ ಪ್ಲಗ್ಗು ಇವುಗಳನ್ನು ನೋಡಲು ಯಾರ ಅಪ್ಪಣೆಯೂ ಬೇಡ. ದೋಷವು ಎಲ್ಲಿಲ್ಲವೆಂಬುದನ್ನು ತಿಳಿದುಕೊಂಡು ಹೋದವರಿಗೆ ಕಸಬುದಾರನೂ ಬೇಗ ನೆರವಾಗಬಲ್ಲನು. ಚೆಲ್ಲಿದ ದ್ರವವನ್ನು ಒರೆಸುವುದನ್ನು ಮಾತ್ರ ಮರೆಯಬಾರದು. ಅದರಲ್ಲಿ ಸಾಮಾನ್ಯವಾಗಿ ಬೆರೆತಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದರೂ ವಿಷ. ಮಕ್ಕಳಿಗೂ ನಾಯಿಗಳಿಗೂ ಅದು ಅಪಾಯಕಾರಿ.

ನಮ್ಮ ಶಾಲೆ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸರಿಯಾಗಿ ನಡೆಯುವ ಉಪಕರಣಗಳನ್ನೇ ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆ. ವರ್ಷಕ್ಕೆ ಒಂದೆರಡು ಸಲವಾದರೂ ಬೇಕೆಂದೇ ಕೆಡಿಸಿದ ಒಂದು ವಿದ್ಯುತ್ ಸುತ್ತನ್ನು ಕೊಟ್ಟು, ದೋಷವೆಲ್ಲಿದೆಯೆಂದು ಕಾರಣಸಹಿತವಾಗಿ ಬರೆಯಿರೆಂದು ಕೇಳಬೇಕು. ಅಲ್ಲಿಯವರೆಗೆ ಮನೆಯ ಮುಂದೆ ನಿಂತಿರುವ ಗಾಡಿಯೇ ಪ್ರಯೋಗಶಾಲೆಯಾಗಲಿ. ಮುಂದಿನ ಸಲ ಆ ದೀಪವು ಹೊತ್ತಿದಾಗ, ಹಿರಿಯರೊಡನೆ ನಿಂತು, ಎಂಜಿನ್ನು ತಣ್ಣಗಾದ ಮೇಲೆ, ಮೊದಲ ಕೊಂಡಿಯಿಂದ ಪರೀಕ್ಷೆಯನ್ನು ಆರಂಭಿಸಿರೆಂದು ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಕೋರಿಕೆ.