ಖಾಲಿಯಾದ ಮೀನಿನ ತೊಟ್ಟಿಗೆ ಬೆಲೆಯೆಷ್ಟು?

ಒಂದು ವಸ್ತುವನ್ನು ಕೊಳ್ಳುವಾಗ ಮನುಷ್ಯನಿಗಿರುವ ಉತ್ಸಾಹ ಅದನ್ನು ಮಾರುವಾಗ ಇರುವುದಿಲ್ಲ. ಕೊಳ್ಳುವ ದಿನ ಮನೆಮಂದಿಯೆಲ್ಲ ಅಂಗಡಿಗೆ ಹೊರಡುತ್ತಾರೆ. ಮಾರುವ ದಿನ ಆ ಕೆಲಸ ಯಾರಿಗೂ ಬೇಡ. ಈ ಮಾತಿಗೆ ನಿದರ್ಶನ ಬೇಕಾದವರು ನಗರದ ಯಾವುದಾದರೊಂದು ಬಡಾವಣೆಯ ನಾಲ್ಕು ಮನೆಗಳ ಹಿಂದಿನ ಜಗಲಿಯನ್ನು ನೋಡಿಬರಲಿ. ಒಂದರಲ್ಲಾದರೂ ಗಾಜಿನ ಮೀನಿನ ತೊಟ್ಟಿಯೊಂದು ಬರಿದಾಗಿ ಕುಳಿತಿರುತ್ತದೆ. ಅದರೊಳಗೆ ಮೀನಿಗೆ ಬದಲಾಗಿ ಹಳೆಯ ಚಪ್ಪಲಿ, ಹರಿದ ಛತ್ರಿ, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳು. ಮಗನ ಹಟಕ್ಕೆಂದು ತಂದದ್ದು. ಮಗ ಈಗ ಹಾಸ್ಟೆಲಿನಲ್ಲಿದ್ದಾನೆ. ನೀರು ಬದಲಾಯಿಸುವ ಕೆಲಸ ಮೊದಲು ತಾಯಿಗೆ ಬಂತು, ಆಮೇಲೆ ಯಾರಿಗೂ ಇಲ್ಲದಾಯಿತು. ಈಗ ವರ್ಗವೋ ಮನೆಯ ಬದಲಾವಣೆಯೋ ಎದುರಾಗಿ, ತೊಟ್ಟಿಯನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿದೆ.

ಇದು ನಮ್ಮ ಕಾಲದ ಕಷ್ಟ ಮಾತ್ರವೇ ಎಂದು ಭಾವಿಸಬೇಕಾಗಿಲ್ಲ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಬಳಕೆಗೆ ಬಂದು, ಇಂಗ್ಲೆಂಡಿನ ನಡುಮನೆಗಳಿಗೆಲ್ಲ ಮೀನಿನ ತೊಟ್ಟಿಯ ಹುಚ್ಚು ಹತ್ತಿತು. ಹದಿನೈದು ವರ್ಷ ಕಳೆಯುವುದರೊಳಗೆ ಆ ಹುಚ್ಚು ಇಳಿದು, ಬಹುಪಾಲು ತೊಟ್ಟಿಗಳು ಮೂಲೆ ಸೇರಿದುವೆಂದು ಜೆ. ಜಿ. ವುಡ್ ಎಂಬ ಲೇಖಕ 1868ರಲ್ಲಿಯೇ ಬರೆದಿಟ್ಟಿದ್ದಾನೆ. ಮೂಲೆ ಸೇರಿದ ತೊಟ್ಟಿಗೂ ಅಕ್ವೇರಿಯಂ ಎಂಬ ಹೆಸರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಇಂಥ ತೊಟ್ಟಿಯನ್ನು ಮಾರಹೊರಟವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ತಾವು ಖರ್ಚು ಮಾಡಿದ್ದನ್ನೆಲ್ಲ ಕೂಡಿಸಿ ಬೆಲೆ ಹೇಳುತ್ತಾರೆ. ಅದರಲ್ಲಿ ತೊಟ್ಟಿಯ ಬೆಲೆಯ ಜೊತೆಗೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ತಿಂಗಳು ತಿಂಗಳಿಗೂ ತಂದ ಆಹಾರ, ಸತ್ತ ಮೀನುಗಳ ಕ್ರಯ ಎಲ್ಲವೂ ಸೇರಿರುತ್ತದೆ. ಇನ್ನು ಕೆಲವರು ತಿಂಗಳುಗಟ್ಟಲೆ ಯಾರೂ ಬಾರದಿದ್ದಾಗ ಬೇಸತ್ತು, ಬೀದಿಯಲ್ಲಿ ಕೂಗುವ ಗುಜರಿಯವನನ್ನು ಕರೆದು ಕಬ್ಬಿಣದ ಸ್ಟ್ಯಾಂಡನ್ನು ತೂಕಕ್ಕೆ ಹಾಕಿ, ಗಾಜನ್ನು ಪುಕ್ಕಟೆ ಕೊಟ್ಟು ಕಳುಹಿಸುತ್ತಾರೆ. ಮೊದಲನೆಯವರು ನೆನಪಿಗೆ ಬೆಲೆ ಕಟ್ಟಿದರು. ಎರಡನೆಯವರು ವಸ್ತುವಿಗೂ ಬೆಲೆ ಕಟ್ಟಲಿಲ್ಲ.

ಸರಿಯಾದ ಕ್ರಮ ಯಾವುದು? ನೀವು ಅಂದು ಎಷ್ಟು ಕೊಟ್ಟಿರೆಂಬುದನ್ನು ಮರೆತುಬಿಡಿ. ಅದೇ ಅಳತೆಯ ಹೊಸ ತೊಟ್ಟಿ ಇಂದು ನಿಮ್ಮ ಊರಿನಲ್ಲಿ ಎಷ್ಟಕ್ಕೆ ಸಿಗುತ್ತದೆಂಬುದನ್ನು ಎರಡು ಅಂಗಡಿಗಳಲ್ಲಿ ವಿಚಾರಿಸಿ. ಬೆಂಗಳೂರಿನಂಥ ಊರಿನಲ್ಲಿ ಕೇಳಿದ ಅಳತೆಗೆ ಗಾಜು ಕತ್ತರಿಸಿ, ಸಿಲಿಕೋನ್ ಅಂಟಿನಿಂದ ಜೋಡಿಸಿ ಕೊಡುವವರಿದ್ದಾರೆ. ಅವರು ಹೇಳುವ ಬೆಲೆಯೇ ನಿಮ್ಮ ಲೆಕ್ಕದ ಮೊದಲ ಸಾಲು. ಹೊಸದು ಸುಲಭವಾಗಿ ದೊರೆಯುವಾಗ ಹಳೆಯದನ್ನು ಯಾರಾದರೂ ಕೊಳ್ಳಬೇಕಾದರೆ ಅವರಿಗೆ ಕಣ್ಣಿಗೆ ಕಾಣುವಷ್ಟು ಉಳಿತಾಯವಾಗಬೇಕು. ಗೆರೆ ಬೀಳದ, ಅಂಟು ಗಟ್ಟಿಯಾಗಿರುವ ತೊಟ್ಟಿಗೆ ಹೊಸದರ ಅರ್ಧ ಬೆಲೆ ನ್ಯಾಯವಾದದ್ದು. ಹಳತಾಗಿ ಗಾಜು ಮಬ್ಬಾಗಿದ್ದರೆ ಮೂರರಲ್ಲಿ ಒಂದು ಪಾಲು ಬಂದರೂ ಸಂತೋಷಪಡಬೇಕು.

ಒಟ್ಟಾಗಿ ಒಂದೇ ಬೆಲೆ ಹೇಳುವುದಕ್ಕಿಂತ ಬಿಡಿಬಿಡಿಯಾಗಿ ಪಟ್ಟಿ ಮಾಡುವುದು ಲೇಸು. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊಸ ತೊಟ್ಟಿಗೆ 1,800 ರೂಪಾಯಿ, ಸ್ಟ್ಯಾಂಡಿಗೆ 2,000, ಮುಚ್ಚಳ ಮತ್ತು ದೀಪಕ್ಕೆ 1,000, ಫಿಲ್ಟರಿಗೆ 800, ಗಾಳಿಯ ಪಂಪಿಗೆ 400, ಒಟ್ಟು 6,000 ರೂಪಾಯಿ ಆಗುತ್ತದೆನ್ನೋಣ. ಹಳೆಯದಕ್ಕೆ ತೊಟ್ಟಿಗೆ 900, ತುಕ್ಕು ಹಿಡಿಯದ ಸ್ಟ್ಯಾಂಡಿಗೆ 1,000, ದೀಪ ಮುಚ್ಚಳಗಳಿಗೆ 300, ಫಿಲ್ಟರಿಗೆ 400, ಪಂಪಿಗೆ 100, ಅಂತು 2,700 ರೂಪಾಯಿ. ಮೂರು ಸಾವಿರ ಹೇಳಿ ಎರಡೂವರೆ ಸಾವಿರಕ್ಕೆ ಕೊಟ್ಟರೆ ಇಬ್ಬರಿಗೂ ಅನ್ಯಾಯವಿಲ್ಲ. ಕಲ್ಲು, ಬಲೆ, ಅಲಂಕಾರದ ಗೊಂಬೆಗಳಿಗೆ ಬೆಲೆ ಹೇಳದೆ ಮೇಲೆ ಸೇರಿಸಿ ಕೊಡಿ. ಬಂದವರಿಗೆ ಸಮಾಧಾನ, ನಿಮಗೂ ಜಾಗ ಖಾಲಿ.

ದೀಪ ಪಂಪುಗಳಿಗೆ ಬೆಲೆ ಇಷ್ಟು ಕುಗ್ಗುವುದೇಕೆಂದು ಕೇಳಬಹುದು. ಹಳೆಯ ಕೊಳವೆ ದೀಪಗಳ ಬೆಳಕು ಉರಿಯುತ್ತ ಉರಿಯುತ್ತ ಕುಂದುತ್ತದೆ. ಈಗ ಎಲ್ಲರೂ ಎಲ್‌ಇಡಿ ದೀಪಗಳನ್ನೇ ಕೇಳುತ್ತಾರೆ. ಪಂಪಿನೊಳಗಿನ ರಬ್ಬರು ಪೊರೆ ಸವೆದು ಹರಿಯುತ್ತದೆ. ನೀರು ಬೆಚ್ಚಗಿಡುವ ಹೀಟರು ಗಾಜಿನ ಕೊಳವೆಯದಾದ್ದರಿಂದ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಸಾಧನ. ಒಳಗಿನ ಉಷ್ಣನಿಯಂತ್ರಕ ಕೆಟ್ಟು ಸದಾ ಉರಿಯುತ್ತಿದ್ದರೆ ಮೀನುಗಳು ಬೆಂದುಹೋದಾವು. ಅದರ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಒಳಗೆ ತೇವದ ಹನಿ ಕಂಡರೂ ಅದನ್ನು ಮಾರಬೇಡಿ, ದಾನವಾಗಿಯೂ ಕೊಡಬೇಡಿ. ನೀರು ಮತ್ತು ವಿದ್ಯುತ್ತು ಕೂಡಿದ ಸ್ಥಳದಲ್ಲಿ ಔದಾರ್ಯಕ್ಕೆ ಎಡೆಯಿಲ್ಲ.

ಇನ್ನೊಂದು ವಸ್ತು ಇದಕ್ಕೆ ತೀರ ವಿರುದ್ಧವಾದದ್ದು. ಬಳಸಿದಷ್ಟೂ ಅದರ ಬೆಲೆ ಹೆಚ್ಚುತ್ತದೆ. ಆದರೂ ಅದನ್ನು ಹೆಚ್ಚಿನವರು ಮೊದಲು ಕಸಕ್ಕೆ ಎಸೆಯುತ್ತಾರೆ. ಅದು ಫಿಲ್ಟರಿನೊಳಗಿನ ಕಂದುಬಣ್ಣದ ಸ್ಪಂಜು. ಮೀನಿನ ಉಸಿರಾಟ ಮತ್ತು ಮಲದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಸ್ಪಂಜಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಆ ನೈಟ್ರೈಟನ್ನು ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ಮೊದಲ ತಿಂಗಳಲ್ಲಿಯೇ ಮೀನುಗಳು ಒಂದೊಂದಾಗಿ ಸತ್ತು ಮಕ್ಕಳು ಅಳುವುದಕ್ಕೆ ಹೆಚ್ಚಾಗಿ ಇದೇ ಕಾರಣ. ನಡೆಯುತ್ತಿರುವ ತೊಟ್ಟಿಯನ್ನು ಮಾರುವವರು ಈ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆಯದೆ, ಒಣಗಲು ಬಿಡದೆ, ತೊಟ್ಟಿಯ ನೀರಿನಲ್ಲಿಯೇ ಅದ್ದಿ ಕೊಟ್ಟರೆ ಕೊಂಡವರಿಗೆ ಒಂದು ತಿಂಗಳ ಸಂಕಟ ತಪ್ಪುತ್ತದೆ. ಆದುದರಿಂದ ಮಾರುವ ನಿರ್ಧಾರವಾದೊಡನೆ ತೊಟ್ಟಿಯನ್ನು ಬರಿದುಮಾಡಿ ಒಣಗಿಸಬೇಡಿ. ಕೊಳ್ಳುವವರು ಬರುವವರೆಗೂ ನಡೆಸಿಕೊಂಡಿರಿ. ಮೀನುಗಳಿಗೆ ರೋಗ ತಗುಲಿದ್ದರೆ ಮಾತ್ರ ಸ್ಪಂಜನ್ನೂ ಕಲ್ಲನ್ನೂ ಎಸೆದುಬಿಡುವುದೇ ಧರ್ಮ.

ಬಹುಕಾಲ ಖಾಲಿ ಬಿದ್ದ ತೊಟ್ಟಿಗಾದರೋ ಬೇರೆ ಪರೀಕ್ಷೆ. ಗಾಜಿನ ಮೇಲಿನ ಬಿಳಿಯ ಪಟ್ಟೆ ನೀರಿನ ಸುಣ್ಣದ ಅಂಶ. ಕೊಳವೆಬಾವಿಯ ಗಡಸು ನೀರು ಬಳಸುವ ಬಡಾವಣೆಗಳಲ್ಲಿ ಇದು ತಪ್ಪಿದ್ದಲ್ಲ. ವಿನಿಗರಿನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಅಂಟಿಸಿಟ್ಟು ಉಜ್ಜಿದರೆ ಬಿಡುತ್ತದೆ. ಸೋಪು, ಫಿನಾಯಿಲು ತಗುಲಿಸಕೂಡದು. ಆಮೇಲೆ ತೊಟ್ಟಿಯನ್ನು ಸಮನೆಲದ ಮೇಲೆ ಥರ್ಮಕೋಲಿನ ಹಾಳೆ ಹಾಸಿ ಇಡಿ. ಅಂಚಿನ ಸುತ್ತ ಹಳೆಯ ದಿನಪತ್ರಿಕೆ ಹರಡಿ, ನೀರು ತುಂಬಿಸಿ ಎರಡು ದಿನ ಬಿಡಿ. ಕಾಗದ ಒದ್ದೆಯಾದರೆ ತೊಟ್ಟಿ ಸೋರುತ್ತದೆ. ಹಳೆಯ ಸಿಲಿಕೋನಿನ ಮೇಲೆ ಹೊಸದನ್ನು ಬಳಿದು ಮುಚ್ಚಿದರೆ ಅದು ಹಿಡಿಯುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು, ಹೊಸದಾಗಿ ತುಂಬಿ, ಹುಳಿವಾಸನೆ ಹೋಗುವವರೆಗೆ ಒಣಗಿಸಬೇಕು.

ಇಷ್ಟೊಂದು ತಾಪತ್ರಯವೇಕೆಂದು ಬೇಸರಪಡುವವರು ನೀರಿನ ಭಾರವನ್ನು ನೆನೆಯಬೇಕು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಪುಟ್ಟ ತೊಟ್ಟಿಯೇ ಸುಮಾರು 55 ಲೀಟರು, ಎಂದರೆ 55 ಕಿಲೋ ನೀರು ಹಿಡಿಯುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರ ಇದ್ದರೆ ಸುಮಾರು 190 ಲೀಟರು. ಗಾಜು, ಕಲ್ಲು ಸೇರಿದರೆ ಎರಡು ಕ್ವಿಂಟಲಿಗೂ ಮಿಕ್ಕ ಭಾರ. ಇದು ಮೂರನೆಯ ಮಹಡಿಯ ಮನೆಯೊಂದರಲ್ಲಿ ನಡುರಾತ್ರಿ ಬಿರಿದರೆ ನೀರು ಹರಿದು ಹೋಗುವುದು ಆ ಮನೆಯವರ ಹಾಸಿಗೆಗೆ ಮಾತ್ರವಲ್ಲ. ಪಕ್ಕದ ಸ್ವಿಚ್ಚಿನ ಹಲಗೆಗೆ, ಕೆಳಗಿನ ಮನೆಯವರ ಮಾಳಿಗೆಗೆ. ಕೊಳ್ಳಲು ಬಂದವರ ಮನಸ್ಸಿನಲ್ಲಿ ಇರುವುದು ಈ ಭಯವೇ. ಚೌಕಾಸಿಯೆಂದು ನಮಗೆ ತೋರುವುದು ಅನೇಕ ವೇಳೆ ಭಯದ ಮಾತಾಗಿರುತ್ತದೆ.

ಒಂದು ಮನೆಯ ಬಾಗಿಲಿನಲ್ಲಿ ನಡೆಯಬಹುದಾದ ಮಾತುಕತೆಯನ್ನು ಕೇಳಿ.

“ಸಾರ್, ಎರಡು ಸಾವಿರಕ್ಕೆ ಕೊಡಿ. ಹಳೆಯ ಮಾಲು, ನಾಳೆ ಸೋರಿದರೆ ನಾನು ಯಾರನ್ನು ಕೇಳಲಿ?”

“ನೋಡಪ್ಪ, ಸೋಮವಾರ ನೀರು ತುಂಬಿಸಿದ್ದೇನೆ, ಇಂದು ಬುಧವಾರ. ಕೆಳಗಿನ ಕಾಗದ ನೀನೇ ಮುಟ್ಟಿ ನೋಡು. ಹಿಂಬದಿಯ ಗಾಜಿನಲ್ಲಿ ಒಂದು ಗೆರೆಯಿದೆ, ಅದನ್ನೂ ನೋಡಿಕೋ. ಪಂಪು ಸದ್ದು ಮಾಡುತ್ತದೆ. ಅದಕ್ಕೆ ನಾನು ಬೆಲೆಯನ್ನೇ ಹಾಕಿಲ್ಲ.”

ಹುಡುಗ ಬಗ್ಗಿ ಕಾಗದವನ್ನು ಮುಟ್ಟಿ ನೋಡಿದ. ಗೆರೆಯ ಮೇಲೆ ಉಗುರು ಆಡಿಸಿದ. “ಎರಡೂವರೆ ಮಾಡಿಕೊಳ್ಳಿ ಸಾರ್, ಆಟೋ ಖರ್ಚು ನನ್ನದೇ” ಎಂದ.

ಐದುನೂರು ರೂಪಾಯಿ ಏರಿದ್ದು ಯಾವುದರಿಂದ? ಮಾತಿನ ಚಮತ್ಕಾರದಿಂದಲ್ಲ, ಒಣಗಿದ ಕಾಗದದಿಂದ ಮತ್ತು ಮುಚ್ಚಿಡದ ಗೆರೆಯಿಂದ. ಕುಂದನ್ನು ಮಾರುವವನೇ ಮೊದಲು ಹೇಳಿದರೆ ಕೊಳ್ಳುವವನು ಬೇರೆ ಕುಂದುಗಳನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಮೀನುಗಳಿಗೆ ಹಿಂದೆ ತಾಮ್ರ ಬೆರೆತ ಔಷಧಿ ಹಾಕಿದ್ದರೆ ಅದನ್ನೂ ಹೇಳಬೇಕು. ಗಾಜು ತೊಳೆದರೂ ಅಂಟಿನಲ್ಲಿ, ಕಲ್ಲಿನಲ್ಲಿ ಅದರ ಅಂಶ ಉಳಿಯುವುದುಂಟು. ಸೀಗಡಿ, ಬಸವನಹುಳುಗಳಿಗೆ ಅದು ಮೃತ್ಯುಪ್ರಾಯ.

ಇನ್ನು ತೊಟ್ಟಿಯಲ್ಲಿ ಮೀನು ಉಳಿದಿದ್ದರೆ? ಮೀನನ್ನು ಸಾಮಾನಿನ ಪಟ್ಟಿಗೆ ಸೇರಿಸಬೇಡಿ. ಸಾಕಲು ಬಲ್ಲವರಿಗೆ ಸುಮ್ಮನೆ ಕೊಡಿ, ಇಲ್ಲವೆ ಮೀನಿನ ಅಂಗಡಿಯವರನ್ನು ಕೇಳಿ. ಒಯ್ಯುವ ಹಿಂದಿನ ದಿನ ಆಹಾರ ಹಾಕದೆ, ಪಾಲಿಥಿನ್ ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಉಳಿದಷ್ಟು ಗಾಳಿ ತುಂಬಿ ಕಳುಹಿಸಬೇಕು. ಪುಣ್ಯ ಬರುತ್ತದೆಂದು ಸಮೀಪದ ಕೆರೆಗೆ ಬಿಡುವ ಪದ್ಧತಿ ಮಾತ್ರ ಸರ್ವಥಾ ಕೂಡದು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ‘ಸಕ್ಕರ್’ ಮೀನಿನ ಮೂಲ ದಕ್ಷಿಣ ಅಮೆರಿಕ. ಮೈಮೇಲೆ ಮೂಳೆಯ ಕವಚವಿರುವ ಆ ಮೀನು ತೊಟ್ಟಿಗಳಿಂದ ತಪ್ಪಿ ಭಾರತದ ಅನೇಕ ಕೆರೆ ನದಿಗಳಲ್ಲಿ ನೆಲೆಯೂರಿದೆ. ಮೊಟ್ಟೆಯಿಡಲು ದಂಡೆಯನ್ನು ಕೊರೆಯುತ್ತದೆ, ಬೆಸ್ತರ ಬಲೆಗಳನ್ನು ಹರಿಯುತ್ತದೆ. ಅಮೆರಿಕದಿಂದ ಬಂದ ಕೆಂಪುಕಿವಿಯ ಆಮೆಯ ಕಥೆಯೂ ಇಂಥದ್ದೇ. ನಮ್ಮದೇ ನಾಡಿನ ನಕ್ಷತ್ರ ಆಮೆಯನ್ನಾದರೋ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮಾರುವುದೂ ಅಪರಾಧ, ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಅಂಥದು ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದೇ ದಾರಿ.

ಹಣದ ವಿಷಯದಲ್ಲಿ ಒಂದು ಮಾತು. ಈಗ ಜಾಹೀರಾತು ಮೊಬೈಲಿನಲ್ಲಿಯೇ ನಡೆಯುವುದರಿಂದ, ಸಾಮಾನನ್ನು ನೋಡದೆಯೇ ಹೇಳಿದ ಬೆಲೆಗೆ ಒಪ್ಪಿ, ‘ಈ ಚಿತ್ರವನ್ನು ಸ್ಕ್ಯಾನ್ ಮಾಡಿ, ನಿಮಗೆ ಹಣ ಬರುತ್ತದೆ’ ಎನ್ನುವವರು ಉಂಟು. ಹಣ ಪಡೆಯುವುದಕ್ಕೆ ಸ್ಕ್ಯಾನ್ ಮಾಡಬೇಕಾಗಿಲ್ಲ, ಗುಪ್ತ ಸಂಖ್ಯೆಯನ್ನು ಒತ್ತಬೇಕಾಗಿಯೂ ಇಲ್ಲ. ಅದು ಕೊಡುವವನ ಕೆಲಸ. ಚೌಕಾಸಿಯನ್ನೇ ಮಾಡದ ಗಿರಾಕಿಯ ವಿಷಯದಲ್ಲಿ ತುಸು ಸಂಶಯವಿರಲಿ.

ವ್ಯಾಪಾರ ಮುಗಿದ ಮೇಲೆ ಸಾಗಿಸುವ ಕೆಲಸ. ನೀರನ್ನೂ ಕಲ್ಲನ್ನೂ ಪೂರ್ತಿ ತೆಗೆದ ಹೊರತು ತೊಟ್ಟಿಯನ್ನು ಎತ್ತಬಾರದು. ಹೀಟರು ಇದ್ದರೆ ವಿದ್ಯುತ್ತನ್ನು ತೆಗೆದು ಕಾಲುಗಂಟೆಯಾದ ಮೇಲೆ ನೀರಿನಿಂದ ಹೊರತೆಗೆಯಿರಿ. ಬಿಸಿಯಿರುವಾಗ ತೆಗೆದರೆ ಗಾಜು ಸೀಳುತ್ತದೆ. ತೊಟ್ಟಿಯನ್ನು ಮೇಲಂಚಿನಲ್ಲಿ ಹಿಡಿಯದೆ ತಳಕ್ಕೆ ಕೈಕೊಟ್ಟು, ಇಬ್ಬರು ಹಿಡಿದು ಇಳಿಸಬೇಕು. ಕೆಳಗೆ ಹಾಸುವ ಥರ್ಮಕೋಲನ್ನೂ ಮರೆಯದೆ ಜೊತೆಗೆ ಕೊಡಿ. ಸ್ಟ್ಯಾಂಡಿನ ಒಂದು ಕಾಲು ಎತ್ತರ ತಗ್ಗಿದ್ದರೆ ಹೊಸ ಗಾಜೂ ಒಡೆಯುತ್ತದೆಂದು ಕೊಂಡವರಿಗೆ ತಿಳಿಸಿ.

ಕಡೆಯದಾಗಿ, ನಿಮ್ಮ ದೂರವಾಣಿಯ ಸಂಖ್ಯೆಯನ್ನು ಅವರ ಬಳಿ ಇರಗೊಡಿ. ಒಂದು ವಾರದ ಮೇಲೆ ಅವರು ಕರೆದು, ನೀರು ಮಬ್ಬಾಗಿದೆಯೆಂದೋ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತಿದೆಯೆಂದೋ ಕೇಳಬಹುದು. ಕಾಲುಭಾಗ ನೀರು ಬದಲಾಯಿಸಿ, ಆಹಾರ ಕಡಿಮೆ ಮಾಡಿ ಎಂದು ಹೇಳಲು ನಿಮಗೆ ಎರಡು ನಿಮಿಷ ಸಾಕು. ಆ ಕರೆಯನ್ನು ಅಳುಕಿಲ್ಲದೆ ಸ್ವೀಕರಿಸಿ ಮಾತನಾಡುವಂತೆ ಮಾರಿದ್ದರೆ ನೀವು ಪಡೆದ ಬೆಲೆ ಸರಿಯಾದದ್ದೇ.