ಆಟ ನಿಮ್ಮದು, ಬೀಗ ಅವರದು

2024ರ ಮಾರ್ಚ್ 31ರಂದು ಒಂದು ಪುಟ್ಟ ಅಮೆರಿಕ ಮಾಯವಾಯಿತು. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿನವರೆಗೆ ರಸ್ತೆ, ಸೇತುವೆ, ಮರುಭೂಮಿ, ಹಿಮ ಮುಸುಕಿದ ಬೆಟ್ಟ ಎಲ್ಲವೂ ಇದ್ದ ಅಮೆರಿಕ. ಕಾರು ಹತ್ತಿ ಹೊರಟರೆ ಒಂದು ತಾಸಿನೊಳಗೆ ಈ ಕಡಲಿನಿಂದ ಆ ಕಡಲು ಮುಟ್ಟಬಹುದಿತ್ತು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ್ದ ‘ದ ಕ್ರೂ’ ಎಂಬ ಕಾರು ಓಟದ ಆಟದೊಳಗಿನ ಅಮೆರಿಕ ಅದು. ಅಂದು ಕಂಪನಿ ತನ್ನ ಸರ್ವರುಗಳನ್ನು ಆರಿಸಿತು. ಜಗತ್ತಿನ ಎಲ್ಲೆಡೆ ಆ ಆಟ ನಿಂತುಹೋಯಿತು.

ಹಳೆಯ ಆಟ ನಿಂತರೆ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಹೀಗಿದೆ. ಈ ಆಟವನ್ನು ಜನ ತಿಂಗಳ ಬಾಡಿಗೆಗೆ ಪಡೆದಿರಲಿಲ್ಲ. ಪೂರ್ತಿ ಬೆಲೆ ಕೊಟ್ಟು ಅಂಗಡಿಯಿಂದ ತಟ್ಟೆ ತಂದಿದ್ದರು, ಇಲ್ಲವೇ ಇಂಟರ್ನೆಟ್ ಮೂಲಕ ಇಳಿಸಿಕೊಂಡಿದ್ದರು. ಎದುರಾಳಿಗಳೊಂದಿಗೆ ಪೈಪೋಟಿ ಮಾಡಬಹುದಿತ್ತು, ನಿಜ. ಆದರೆ ಒಬ್ಬನೇ ಕೂತು ಊರೂರು ಸುತ್ತುವುದಕ್ಕೂ ಅದರಲ್ಲಿ ಬೇಕಾದಷ್ಟಿತ್ತು. ಹಾಗೆ ಒಬ್ಬನೇ ಆಡುವಾಗಲೂ ಆ ಆಟ ದೂರದ ಸರ್ವರಿಗೆ ‘ಶುರು ಮಾಡಲೇ?’ ಎಂದು ಕೇಳುವಂತೆ ಅದನ್ನು ಕಟ್ಟಲಾಗಿತ್ತು. ಉತ್ತರ ಕೊಡುವ ಯಂತ್ರ ನಿಂತ ಮೇಲೆ ಮನೆಯಲ್ಲಿರುವ ತಟ್ಟೆ ಕಾಫಿ ಲೋಟ ಇಡಲು ಸರಿ. ಸಾಲದ್ದಕ್ಕೆ, ಬೀಗ ಹಾಕಿದ ಕೆಲವೇ ದಿನಗಳಲ್ಲಿ ಆಟ ಕೊಂಡವರ ಖಾತೆಗಳಿಂದ ಅದರ ಪರವಾನಗಿಯನ್ನೂ ಕಂಪನಿ ಕಿತ್ತುಕೊಂಡಿತು. ಹೆಣ ಸುಟ್ಟದ್ದಲ್ಲದೆ ಬೂದಿಯನ್ನೂ ಎತ್ತಿಕೊಂಡು ಹೋದ ಹಾಗೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಕೋರ್ಟಿಗೆ ಹೋದರು. ಕಂಪನಿಯ ವಾದ ಸರಳವಾಗಿತ್ತು: ಗ್ರಾಹಕರು ಕೊಂಡದ್ದು ಆಟವನ್ನಲ್ಲ, ಆಟವಾಡುವ ಪರವಾನಗಿಯನ್ನು. ಪರವಾನಗಿ ಕೊಟ್ಟವರು ಅದನ್ನು ಹಿಂಪಡೆಯಬಹುದು. ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ ಹಾಗೆಂದು ಬರೆದೂ ಇದೆ. ಕಾನೂನಿನ ಮಾತು ಏನೇ ಇರಲಿ, ವ್ಯವಹಾರದ ಮಾತಾಗಿ ಇದನ್ನು ಸ್ವಲ್ಪ ನೋಡಿ. ಅಂಗಡಿಯಾತ ಒಂದು ಗ್ರೈಂಡರ್ ಮಾರುತ್ತಾನೆ. ಬಿಲ್ಲಿನಲ್ಲಿ ‘ಗ್ರೈಂಡರ್, ಒಂದು’ ಎಂದು ಬರೆಯುತ್ತಾನೆ. ಹತ್ತು ವರ್ಷದ ಮೇಲೆ ಮನೆಗೆ ಬಂದು, ‘ನಾವು ಹೊಸ ಮಾದರಿ ತಂದಿದ್ದೇವೆ, ಹಳೆಯದರ ಕಲ್ಲು ಕೊಡಿ’ ಎಂದು ಕಲ್ಲು ಕಳಚಿಕೊಂಡು ಹೋಗುತ್ತಾನೆ. ಹಾಗೆ ಮಾಡಿದವನನ್ನು ನಮ್ಮೂರಿನ ಹೆಂಗಸರು ಬಾಗಿಲು ದಾಟಲು ಬಿಡುತ್ತಾರೆಯೇ? ಅದೇ ಕೆಲಸವನ್ನು ತಂತಿಯ ಮೂಲಕ ಮಾಡಿದರೆ ಮಾತ್ರ ಅದು ‘ನಿಯಮ ಮತ್ತು ಷರತ್ತು’.

ಇದು ಆಟಕ್ಕಷ್ಟೇ ಅಂಟಿದ ರೋಗವೂ ಅಲ್ಲ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಯಂತ್ರಗಳೊಳಗಿಂದ ಓದುಗರು ದುಡ್ಡು ಕೊಟ್ಟು ಪಡೆದಿದ್ದ ಪುಸ್ತಕವೊಂದನ್ನು ರಾತ್ರೋರಾತ್ರಿ ಅಳಿಸಿತು. ಹಕ್ಕಿಲ್ಲದವರು ಅದನ್ನು ಮಾರಿದ್ದರು ಎಂಬುದು ಕಾರಣ. ಹಣವನ್ನೇನೋ ವಾಪಸು ಕೊಟ್ಟರು. ಒಬ್ಬ ಶಾಲಾ ಹುಡುಗ ಆ ಪುಸ್ತಕಕ್ಕೆ ಬರೆದುಕೊಂಡಿದ್ದ ಟಿಪ್ಪಣಿಗಳು ಮಾತ್ರ ಕೆಲಸಕ್ಕೆ ಬಾರದಂತಾದವು. ಅಳಿಸಿದ ಪುಸ್ತಕ ಯಾವುದು ಗೊತ್ತೇ? ಜಾರ್ಜ್ ಆರ್ವೆಲ್‌ನ ‘1984’. ಪ್ರಭುತ್ವ ಹಳೆಯ ಬರಹಗಳನ್ನು ಗುಂಡಿಗೆ ಹಾಕಿ ಸುಡುವ ಕಥೆ! ಕೊನೆಗೆ ಕಂಪನಿಯ ಒಡೆಯ ಜೆಫ್ ಬೆಜೋಸ್ ಕ್ಷಮೆ ಕೇಳಿದರು. 2016ರಲ್ಲಿ ಗೂಗಲ್ ಬಳಗದ ನೆಸ್ಟ್, ಮನೆಯ ದೀಪ-ಬೀಗಗಳನ್ನು ನಿಯಂತ್ರಿಸುವ ರಿವಾಲ್ವ್ ಎಂಬ ಪೆಟ್ಟಿಗೆಯ ಸರ್ವರನ್ನು ನಿಲ್ಲಿಸಿತು. 300 ಡಾಲರ್ ಕೊಟ್ಟವರ ಮನೆಯಲ್ಲಿ ಉಳಿದದ್ದು ಪ್ಲಾಸ್ಟಿಕ್ ಡಬ್ಬಿ.

ಆದರೂ ದೊಡ್ಡ ಗಲಾಟೆ ಎದ್ದದ್ದು ಆಟದ ವಿಷಯಕ್ಕೇ. 2024ರ ಏಪ್ರಿಲ್‌ನಲ್ಲಿ ರಾಸ್ ಸ್ಕಾಟ್ ಎಂಬ ಅಮೆರಿಕನ್ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರು ಮಾಡಿದರು. ಹಳೆಯ, ಯಾರೂ ಮೂಸದ ಆಟಗಳ ಬಗ್ಗೆ ಗಂಟೆಗಟ್ಟಲೆ ಹರಟುವುದು ಇವರ ಕಸುಬು. ಇಂಥವರನ್ನು ಕಂಡರೆ ಮನೆಯ ಹಿರಿಯರು ‘ಉದ್ಯೋಗವಿಲ್ಲದ ಬಡಗಿ’ ಎಂದು ಮೂಗು ಮುರಿಯುವುದುಂಟು. ಅದೇ ವ್ಯಕ್ತಿ ಯೂರೋಪಿನ ರಾಜಕಾರಣಕ್ಕೆ ಕೆಲಸ ಹಚ್ಚಿದರು. ಯೂರೋಪಿಯನ್ ಒಕ್ಕೂಟದಲ್ಲಿ ಒಂದು ಏರ್ಪಾಡಿದೆ. ಒಂದು ವರ್ಷದೊಳಗೆ ಹತ್ತು ಲಕ್ಷ ನಾಗರಿಕರು ಸಹಿ ಹಾಕಿದರೆ, ಕನಿಷ್ಠ ಏಳು ದೇಶಗಳಲ್ಲಿ ಗೊತ್ತುಪಡಿಸಿದಷ್ಟು ಸಹಿ ದಾಟಿದ್ದರೆ, ಆ ಬೇಡಿಕೆಗೆ ಯೂರೋಪಿಯನ್ ಆಯೋಗ ಉತ್ತರ ಕೊಡಲೇಬೇಕು. ಕಾನೂನು ಮಾಡಲೇಬೇಕೆಂದಿಲ್ಲ, ಉತ್ತರವಂತೂ ಕಡ್ಡಾಯ. 2024ರ ಜುಲೈ 31ಕ್ಕೆ ಆರಂಭವಾದ ಸಹಿ ಸಂಗ್ರಹ ತಿಂಗಳುಗಟ್ಟಲೆ ಕುಂಟಿತು. ಕೊನೆಯ ಕೆಲವು ವಾರಗಳಲ್ಲಿ ಹುಚ್ಚುಹೊಳೆಯಾಗಿ ಹರಿದು 2025ರ ಜುಲೈ ಮೊದಲ ವಾರ ಹತ್ತು ಲಕ್ಷ ದಾಟಿತು. ಗಡುವು ಮುಗಿಯುವಾಗ ಹದಿನಾಲ್ಕು ಲಕ್ಷ ಮೀರಿತ್ತು.

ಇವರು ಕೇಳುತ್ತಿರುವುದಾದರೂ ಏನು? ಸರ್ವರುಗಳನ್ನು ಯಾವಜ್ಜೀವ ನಡೆಸಿ ಎಂದಲ್ಲ. ಆಟದ ಹಕ್ಕುಸ್ವಾಮ್ಯ ಬಿಟ್ಟುಕೊಡಿ ಎಂದೂ ಅಲ್ಲ. ಅಂಗಡಿ ಮುಚ್ಚುವುದಾದರೆ ಮುಚ್ಚಿ, ಆದರೆ ನಿಮ್ಮ ಸಹಾಯವಿಲ್ಲದೆಯೂ ಆಟ ನಡೆಯುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಎಂದಷ್ಟೇ. ಹೋಗುವಾಗ ಬೀಗದ ಕೈ ಕೊಟ್ಟು ಹೋಗಿ, ಅಷ್ಟೇ.

ಆಟ ತಯಾರಕರ ಸಂಘ ‘ವಿಡಿಯೋ ಗೇಮ್ಸ್ ಯೂರೋಪ್’ ಇದಕ್ಕೆ ತಕರಾರು ತೆಗೆದಿದೆ. ಖಾಸಗಿಯವರು ಸರ್ವರ್ ನಡೆಸಿದರೆ ಆಟಗಾರರ ಮಾಹಿತಿಗೆ ರಕ್ಷಣೆಯಿಲ್ಲ, ಕಾನೂನುಬಾಹಿರ ಸಂಗತಿ ನುಸುಳಿದರೆ ತಡೆಯುವವರಿಲ್ಲ, ಅಪವಾದ ಹಕ್ಕುದಾರರ ತಲೆಗೆ ಬರಬಹುದು. ಎಷ್ಟೋ ಆಟಗಳು ಹುಟ್ಟಿನಿಂದಲೇ ಸರ್ವರಿಗೆ ಹೆಣೆದುಕೊಂಡಿರುತ್ತವೆ, ಬಿಡಿಸಲು ವಿಪರೀತ ಖರ್ಚು. ಈ ಮಾತುಗಳಲ್ಲಿ ತಿರುಳಿಲ್ಲವೆಂದಲ್ಲ. ಸಾವಿರಾರು ಜನ ಒಟ್ಟಿಗೆ ಆಡುವ, ತಿಂಗಳು ತಿಂಗಳು ಚಂದಾ ಕಟ್ಟುವ ಆಟ ಸೇವೆಯೇ ಸರಿ. ಕೇಬಲ್ ಟೀವಿ ಇದ್ದ ಹಾಗೆ, ಚಂದಾ ನಿಂತಿತು, ಚಿತ್ರ ನಿಂತಿತು. ಒಂದೇ ಸಲ ಪೂರ್ತಿ ಬೆಲೆ ವಸೂಲಿ ಮಾಡಿ, ಆಮೇಲೆ ‘ಇದು ಸೇವೆ’ ಎನ್ನುವುದು ಮಾತ್ರ ಎರಡು ದೋಣಿಯ ಮೇಲೆ ಕಾಲು.

ಖರ್ಚಿನ ಮಾತಿಗಂತೂ ‘ದ ಕ್ರೂ’ ಆಟವೇ ಉತ್ತರ ಹೇಳಿಬಿಟ್ಟಿದೆ. ಕಂಪನಿ ಆರಿಸಿದ ದೀಪವನ್ನು ಒಂದು ಅಭಿಮಾನಿಗಳ ತಂಡ ಮತ್ತೆ ಹಚ್ಚಿತು. ಕಂಪನಿಯ ಸರ್ವರಿನಂತೆ ಉತ್ತರ ಕೊಡುವ ಪ್ರೋಗ್ರಾಮೊಂದನ್ನು ತಾವೇ ಬರೆದು 2025ರ ಸೆಪ್ಟೆಂಬರಿನಲ್ಲಿ ಹಂಚಿದರು. ಸಂಬಳವಿಲ್ಲ, ಮೂಲ ಸಂಕೇತ ಕೈಯಲ್ಲಿಲ್ಲ. ಯಂತ್ರ ಏನು ಕೇಳುತ್ತದೆ, ಏನು ಹೇಳಿದರೆ ಸುಮ್ಮನಾಗುತ್ತದೆ ಎಂದು ಕಿವಿಗೊಟ್ಟು ಕಲಿತು ಮಾಡಿದ ಕೆಲಸ. ಸಂಕೇತವನ್ನೆಲ್ಲ ಕೈಯಲ್ಲಿಟ್ಟುಕೊಂಡ ಕಂಪನಿಗೆ ಇದು ಅಸಾಧ್ಯವೇ? ಗದ್ದಲದ ಬಿಸಿ ತಟ್ಟಿದ ಮೇಲೆ ಯೂಬಿಸಾಫ್ಟೇ ‘ದ ಕ್ರೂ 2’ ಆಟಕ್ಕೆ ಸರ್ವರಿಲ್ಲದೆ ಆಡುವ ದಾರಿಯನ್ನು 2025ರಲ್ಲಿ ಮಾಡಿಕೊಟ್ಟಿತು. ಮನಸ್ಸಿದ್ದರೆ ಮಾರ್ಗ ಎನ್ನುವುದಕ್ಕಿಂತ, ಹೆಸರು ಕೆಟ್ಟರೆ ಮಾರ್ಗ.

ಹಾಗಾದರೆ ಸರ್ವರಿಗೆ ಕಟ್ಟಿಹಾಕುವುದೇಕೆ? ಕಳ್ಳ ಪ್ರತಿ ತಡೆಯಲು ಎನ್ನುತ್ತಾರೆ. ಅದು ಅರ್ಧ ಸತ್ಯ. ಆಟದೊಳಗೇ ಅಂಗಡಿ ಇಟ್ಟು ಬಣ್ಣದ ಕಾರು, ಬಣ್ಣದ ಅಂಗಿ ಮಾರಲು ಆ ಹಗ್ಗ ಬೇಕು. ಆಟಗಾರ ಎಷ್ಟು ಹೊತ್ತು ಕೂತ, ಎಲ್ಲಿ ಎದ್ದ ಎಂಬ ಲೆಕ್ಕ ಬರೆಯಲೂ ಬೇಕು. ಹಳೆಯದು ಚೆನ್ನಾಗಿ ನಡೆಯುತ್ತಿದ್ದರೆ ಹೊಸದನ್ನು ಕೊಳ್ಳುವವರು ಕಡಿಮೆ ಎಂಬುದೂ ವ್ಯಾಪಾರಿಗೆ ತಿಳಿಯದ ಗುಟ್ಟಲ್ಲ.

ಇಲ್ಲೊಂದು ತಮಾಷೆಯುಂಟು. ತೊಂಬತ್ತರ ದಶಕದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಟೀವಿ ಗೇಮ್ ಬಂತು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದ ಹಳದಿ ಕ್ಯಾಸೆಟ್ಟುಗಳು. ಮೇಲೆ ‘9999 ಆಟ’ ಎಂದು ಬರೆದಿರುತ್ತಿತ್ತು, ಒಳಗೆ ನೋಡಿದರೆ ಅದೇ ನಾಲ್ಕೈದು ಆಟ ಹೆಸರು ಬದಲಿಸಿಕೊಂಡು ಕೂತಿರುತ್ತಿದ್ದವು. ಅಸಲಿಯ ಸೋಂಕಿಲ್ಲದ ಮಾಲು! ಆದರೂ ಅಟ್ಟದಿಂದ ಇಳಿಸಿ, ಉಫ್ ಎಂದು ಊದಿ, ಸಿಕ್ಕಿಸಿದರೆ ಅದು ಇಂದಿಗೂ ನಡೆದರೆ ಆಶ್ಚರ್ಯವಿಲ್ಲ. ಯಾರ ಅಪ್ಪಣೆಯನ್ನೂ ಅದು ಕೇಳುವುದಿಲ್ಲ. ಕಳ್ಳ ಮಾಲು ತಂದವನ ಮರಿಯೋ ಮೂವತ್ತು ವರ್ಷವಾದರೂ ಜಿಗಿಯುತ್ತಾನೆ, ತೆರಿಗೆ ಸಮೇತ ಪ್ರಾಮಾಣಿಕವಾಗಿ ಕೊಂಡವನ ಕಾರು ಹತ್ತೇ ವರ್ಷಕ್ಕೆ ನಿಲ್ಲುತ್ತದೆ. ಕಳ್ಳ ಪ್ರತಿ ತಡೆಯುವ ಉಪಾಯ ಇದೇ ಆದರೆ, ಕಳ್ಳರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ.

ಇನ್ನು ಇತಿಹಾಸದ ಪ್ರಶ್ನೆ. ಹಂಪಿಯ ಕಲ್ಲುಹಾಸುಗಳಲ್ಲಿ ಯಾರೋ ಕೊರೆದ ಆಟದ ಮನೆಗಳು ಈಗಲೂ ಕಾಣುತ್ತವೆ. ಎರಡು ಬಗೆಯ ಹರಳು ಹೆಕ್ಕಿಕೊಂಡು ಕೂತರೆ ಆಡು-ಹುಲಿ ಶುರು. ಚೌಕಾಬಾರಕ್ಕೆ ಸುಣ್ಣದ ಗೆರೆ, ನಾಲ್ಕು ಕವಡೆ ಸಾಕು. ಕವಡೆಯಿಲ್ಲದಿದ್ದರೆ ಹುಣಸೆ ಬೀಜ ತೇಯ್ದುಕೊಳ್ಳಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಗೀಳು ಎಷ್ಟಿತ್ತೆಂದರೆ, ಇದ್ದವನ್ನು ದಾಖಲಿಸಿದ್ದಲ್ಲದೆ ಹೊಸವನ್ನೂ ಕಟ್ಟಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅರಸು ಮನೆತನದ ‘ಗೀಕ್’. ಅರಸರು ಹೋಗಿ ಒಂದೂವರೆ ಶತಮಾನ ಮೀರಿದರೂ ಜಗನ್ಮೋಹನ ಅರಮನೆಯಲ್ಲಿ ಆ ಆಟದ ಚಿತ್ರಗಳಿವೆ, ಆಸಕ್ತರು ಅವನ್ನು ನೋಡಿ ಮತ್ತೆ ಆಡಿದ್ದಾರೆ. ನಮ್ಮ ಕಾಲದ ಆಟಗಳ ಗತಿ? ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಇಂದು ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು. ಅವನ್ನು ಗ್ರಂಥಾಲಯಗಳು ಸಂಶೋಧಕರಿಗೆ ದೂರದಿಂದ ತೋರಿಸಲು ಅನುಮತಿ ಕೇಳಿದಾಗ ಅಮೆರಿಕದ ಕಾಪಿರೈಟ್ ಕಚೇರಿ 2024ರ ಅಕ್ಟೋಬರಿನಲ್ಲಿ ಆಗದೆಂದಿತು. ಮಾರುವುದೂ ಇಲ್ಲ, ಓದುವವರಿಗೆ ತೋರಿಸುವುದೂ ಇಲ್ಲ. ಇದು ಯಾವ ನ್ಯಾಯವೋ.

ಅಲ್ಲಿನ ಸರ್ಕಾರಗಳು ಒಂದೊಂದು ಹೆಜ್ಜೆ ಇಟ್ಟಿವೆ. ಪರವಾನಗಿ ಮಾತ್ರ ಕೊಡುವುದಾದರೆ ಅದನ್ನು ಎದ್ದು ಕಾಣುವಂತೆ ತಿಳಿಸದೆ ‘ಬೈ’ ಎಂಬ ಪದವನ್ನು ಬಳಸಕೂಡದೆಂಬ ಕ್ಯಾಲಿಫೋರ್ನಿಯಾದ ಕಾಯ್ದೆ 2025ರ ಜನವರಿ 1ರಿಂದ ಜಾರಿಗೆ ಬಂತು. ಆಟ ಮಾರುವ ದೊಡ್ಡ ಅಂಗಡಿ ಸ್ಟೀಮ್ ಅದಕ್ಕೂ ಮೊದಲೇ ಆ ಎಚ್ಚರಿಕೆಯ ಸಾಲು ಹಾಕಿಕೊಂಡಿತು. ಒಳ್ಳೆಯದೇ. ಆದರೆ ಮೋಸವನ್ನು ಮುಂಚೆಯೇ ಹೇಳಿ ಮಾಡಿದರೆ ಅದು ಪ್ರಾಮಾಣಿಕತೆಯಾಗಿಬಿಡುವುದಿಲ್ಲ. ಬ್ರಿಟನ್ ಸಂಸತ್ತಿನಲ್ಲಿ 2025ರ ನವೆಂಬರಿನಲ್ಲಿ ಚರ್ಚೆ ನಡೆಯಿತು. ಕಾನೂನು ಬದಲಿಸುವ ಯೋಚನೆಯಿಲ್ಲವೆಂದು ಸರ್ಕಾರ ಹೇಳಿತು.

ನಮ್ಮಲ್ಲಿ? ಯೂಬಿಸಾಫ್ಟ್‌ಗೆ ಪುಣೆ, ಮುಂಬಯಿಗಳಲ್ಲಿ ಸ್ಟುಡಿಯೋಗಳಿವೆ. ಬೆಂಗಳೂರಿನ ಎಂಜಿನಿಯರುಗಳು ಜಗತ್ತಿನ ಹತ್ತಾರು ಆಟಗಳಿಗೆ ದುಡಿಯುತ್ತಾರೆ. ಆಡುವವರ ವಿಷಯದಲ್ಲಂತೂ ಹೇಳುವುದೇ ಬೇಡ. ಆದರೆ ನಮ್ಮ ಸರ್ಕಾರಗಳ ಕಣ್ಣಿಗೆ ಆಟವೆಂದರೆ ಎರಡೇ: ಜೂಜು, ಇಲ್ಲವೇ ರಫ್ತು. 2020ರ ಸೆಪ್ಟೆಂಬರ್ 2ರಂದು ದೇಶದ ಭದ್ರತೆಯ ಹೆಸರಿನಲ್ಲಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿ ಮೊಬೈಲ್ ಕೂಡ ಹೋಯಿತು. ಭದ್ರತೆಯ ವಿಚಾರ ಬೇರೆ. ಅದರೊಳಗೆ ಕಾಲೇಜು ಹುಡುಗರು ಪಾಕೆಟ್ ಮನಿ ಸುರಿದು ಕೊಂಡಿದ್ದ ಸರಕಿನ ಗತಿಯೇನೆಂದು ಯಾರೂ ಕೇಳಲಿಲ್ಲ. ಮುಂದಿನ ವರ್ಷ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಲ್ಲಿ ಬಂದಾಗ, ಹಳೆಯ ಖಾತೆಯ ಸಾಮಾನನ್ನು ಸಾಗಿಸಿಕೊಳ್ಳಲು ಕಂಪನಿ ಗಡುವಿಟ್ಟು ಅವಕಾಶ ಕೊಟ್ಟಿತು. ಅದು ಕಂಪನಿಯ ಕೃಪೆ, ಆಟಗಾರನ ಹಕ್ಕಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಎರಡೇ ದಿನದಲ್ಲಿ ಎರಡೂ ಸದನಗಳಲ್ಲಿ ದಾಟಿಸಿತು. ಅದರ ಹೆಸರಿನಲ್ಲಿ ‘ಉತ್ತೇಜನ’ ಎಂಬ ಪದ ಮೊದಲಿಗಿದೆ. ಹಣ ಪಣಕ್ಕಿಟ್ಟು ಆಡುವುದನ್ನು ಅದು ನಿಷೇಧಿಸಿತು. ಪಣವಿಲ್ಲದೆ, ಬೆಲೆ ಕೊಟ್ಟು ಕೊಂಡ ಆಟ ನಾಳೆ ಸತ್ತರೆ ಏನು ಎಂಬುದು ಅದರ ಚಿಂತೆಯಲ್ಲ.

ಹಾಗೆಂದು ಕಾನೂನಿನ ಕೊಕ್ಕೆ ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನುಚಿತ ಕರಾರು’ ಎಂದರೇನು ಎಂದು ವಿವರಿಸುತ್ತದೆ. ಸಕಾರಣವಿಲ್ಲದೆ ಒಬ್ಬರೇ ಏಕಪಕ್ಷೀಯವಾಗಿ ಮುರಿಯಬಹುದಾದ ಕರಾರು ಆ ಪಟ್ಟಿಯಲ್ಲಿದೆ. ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳೂ ಸೇರಿವೆ. ಎರಡನ್ನೂ ಜೋಡಿಸಿ ಓದಿದರೆ, ‘ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ’ ಎಂಬ ಷರತ್ತನ್ನು ಪ್ರಶ್ನಿಸಲು ಜಾಗವಿದೆ. ತೊಡಕೊಂದೇ. ಅನುಚಿತ ಕರಾರಿನ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ಅದು ರಾಜ್ಯ ಆಯೋಗ ಅಥವಾ ರಾಷ್ಟ್ರೀಯ ಆಯೋಗದ ಕೆಲಸ. ಮೂರು ಸಾವಿರ ರೂಪಾಯಿಯ ಆಟಕ್ಕಾಗಿ ರಾಯಚೂರಿನ ಹುಡುಗ ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು, ವಕೀಲರನ್ನು ಹುಡುಕಬೇಕು, ರಜೆ ಹಾಕಬೇಕು. ಅವನು ಹತ್ತುವುದಿಲ್ಲ ಎಂಬುದು ಷರತ್ತು ಬರೆದವರಿಗೆ ಚೆನ್ನಾಗಿ ಗೊತ್ತು. ಒಂದೇ ನೋವುಂಡ ಹಲವರು ಸೇರಿ ಒಟ್ಟಿಗೆ ದೂರು ಕೊಡಲು ಅದೇ ಕಾಯ್ದೆ ದಾರಿ ಬಿಟ್ಟಿದೆ. ರಾತ್ರಿಯಿಡೀ ತಂಡ ಕಟ್ಟಿಕೊಂಡು ಆಡುವ ಹುಡುಗರಿಗೆ ಅದೇನೂ ದೊಡ್ಡ ಕೆಲಸವಲ್ಲ.