ಸಂಶೋಧನಾ ಪ್ರಾಮಾಣಿಕತೆಯ ಕೆಲಸಕ್ಕೆ ಷರತ್ತಿಲ್ಲದ ಅನುದಾನ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಅನುದಾನ ಸಮಿತಿ, ಬೆಂಗಳೂರು.

ಇವರಿಂದ,
ಸಂಶೋಧನಾ ಪ್ರಾಮಾಣಿಕತೆಗಾಗಿ ದುಡಿಯುತ್ತಿರುವ ನೋಂದಾಯಿತ ಸಂಘದ ಪದಾಧಿಕಾರಿಗಳು ಮತ್ತು ಸದಸ್ಯರು.

ವಿಷಯ: ಮಂಜೂರಾತಿ ಆದೇಶದ 11ನೇ ಷರತ್ತನ್ನು ಕೈಬಿಟ್ಟು, ತಡೆಹಿಡಿದ ಎರಡನೇ ಕಂತನ್ನು ಬಿಡುಗಡೆ ಮಾಡುವ ಹಾಗೂ ಇತರ ಬೇಡಿಕೆಗಳ ಕುರಿತು.

ಉಲ್ಲೇಖ: ಇದೇ ವಿಷಯವಾಗಿ ಈ ಹಿಂದೆ ಸಲ್ಲಿಸಿ, ಹಿಂಬರಹ ಬಾರದೆ ಉಳಿದಿರುವ ನಮ್ಮ ಮನವಿಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಸಂಘವು, ಪ್ರಕಟವಾದ ಮೇಲೆ ನಿಯತಕಾಲಿಕೆಗಳು ಹಿಂಪಡೆದ ಪ್ರಬಂಧಗಳು, ಕೃತಿಚೌರ್ಯ, ತಿರುಚಿದ ಚಿತ್ರಗಳು, ಹಣ ಪಡೆದು ಲೇಖಕರ ಪಟ್ಟಿಗೆ ಹೆಸರು ಸೇರಿಸುವ ದಂಧೆ ಇವುಗಳನ್ನು ದಾಖಲೆ ಸಮೇತ ಪತ್ತೆಹಚ್ಚಿ ಪ್ರಕಟಿಸುವ ಕೆಲಸ ಮಾಡುತ್ತಿದೆ. ಸದಸ್ಯರಲ್ಲಿ ನಿವೃತ್ತ ಪ್ರಾಧ್ಯಾಪಕರು, ಗ್ರಂಥಪಾಲಕರು, ಅತಿಥಿ ಉಪನ್ಯಾಸಕರು, ಪಿಎಚ್.ಡಿ. ವಿದ್ಯಾರ್ಥಿಗಳು ಇದ್ದಾರೆ. ತಮ್ಮ ಸಮಿತಿ ಈ ಕೆಲಸಕ್ಕೆ ಅನುದಾನ ಮಂಜೂರು ಮಾಡಿದಾಗ ನಾವು ಸಂತೋಷಪಟ್ಟೆವು, ಸಾರ್ವಜನಿಕವಾಗಿ ಕೃತಜ್ಞತೆಯನ್ನೂ ಹೇಳಿದೆವು. ಆ ಕೃತಜ್ಞತೆ ಈಗಲೂ ಇದೆ. ಆದರೆ ಮಂಜೂರಾತಿ ಆದೇಶದ 11ನೇ ಷರತ್ತು ನಮ್ಮ ಕುತ್ತಿಗೆಗೇ ಬಂದಿದೆ.

ಸದರಿ ಷರತ್ತು ಹೀಗಿದೆ: “ಸಂಯೋಜಿತ ಸಂಸ್ಥೆಗಳ ಹೆಸರನ್ನು ಒಳಗೊಂಡ ಯಾವುದೇ ವರದಿಯನ್ನು ಸಮಿತಿಯ ಪೂರ್ವಾನುಮತಿ ಇಲ್ಲದೆ ಪ್ರಕಟಿಸತಕ್ಕದ್ದಲ್ಲ.” ಅರ್ಜಿ ಆಹ್ವಾನಿಸಿದ ಪ್ರಕಟಣೆಯಲ್ಲಿ (ಅಡಕ 1) ಈ ಮಾತು ಎಲ್ಲಿಯೂ ಇರಲಿಲ್ಲ. ಮಂಜೂರಾತಿ ಆದೇಶದಲ್ಲಿ (ಅಡಕ 2) ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ನಾವು ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದೇವೆ. ಅದರ ಮೇಲೆ ತಮ್ಮ ಟಪಾಲು ಶಾಖೆಯ ಸ್ವೀಕೃತಿ ಮುದ್ರೆ ಇದೆ (ಅಡಕ 3). ಮೊದಲ ಕಂತಿನ ಹಣ ಬಳಕೆ ಪ್ರಮಾಣಪತ್ರವನ್ನು ಲೆಕ್ಕಪರಿಶೋಧಕರ ಸಹಿಯೊಂದಿಗೆ ಗಡುವಿನೊಳಗೇ ಕೊಟ್ಟಿದ್ದೇವೆ (ಅಡಕ 4). ಎರಡನೇ ಕಂತು ಬರಲಿಲ್ಲ. ಕೇಳಿದಾಗಲೆಲ್ಲ ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ (ಅಡಕ 5).

ಕಡೆಗೆ ಮಾಹಿತಿ ಹಕ್ಕಿನಡಿ ಟಿಪ್ಪಣಿ ಹಾಳೆಯ ಪ್ರತಿ ಪಡೆದೆವು (ಅಡಕ 6). ಅದರಲ್ಲಿ ವಿಷಯ ನಿರ್ವಾಹಕರು, ಲೆಕ್ಕಪತ್ರ ಕ್ರಮಬದ್ಧವಾಗಿದೆ, ಎರಡನೇ ಕಂತು ಬಿಡುಗಡೆ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅದರ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಷರಾ ಇದೆ: “ಮೊದಲು ವರದಿಯ ಕರಡು ಬರಲಿ, ಆಮೇಲೆ ನೋಡೋಣ.” ಮಾನ್ಯರೇ, ಆ ಕರಡು ಪದವಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಂದ ಹೊರಬಂದು ಆಮೇಲೆ ಹಿಂಪಡೆಯಲಾದ ಪ್ರಬಂಧಗಳ ಕುರಿತದ್ದು. ಆ ಸಂಸ್ಥೆಗಳಲ್ಲಿ ಕೆಲವುಗಳ ಪ್ರತಿನಿಧಿಗಳು ತಮ್ಮ ಸಮಿತಿಯಲ್ಲೇ ಕೂತಿದ್ದಾರೆ. ಪೂರ್ವಾನುಮತಿ ಕೇಳಬೇಕಾದದ್ದು ಯಾರನ್ನು, ಕೊಡುವವರು ಯಾರು ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಹಣದ ಲೆಕ್ಕ ಕೇಳುವ ಪೂರ್ಣ ಅಧಿಕಾರ ತಮಗಿದೆ, ಒಂದೊಂದು ರೂಪಾಯಿಗೂ ರಸೀದಿ ತೋರಿಸುತ್ತೇವೆ. ಬರೆದದ್ದನ್ನು ಮೊದಲು ತೋರಿಸಿ ಎನ್ನುವುದು ಲೆಕ್ಕ ಕೇಳಿದಂತಲ್ಲ.

ಈ ಷರತ್ತು ಇವತ್ತು ಯಾಕೆ ಇಷ್ಟು ಅಪಾಯಕಾರಿ ಎಂದರೆ, 2018ರ ಯುಜಿಸಿ ನಿಯಮಾವಳಿಯ ಪ್ರಕಾರ ಕೃತಿಚೌರ್ಯದ ದೂರನ್ನು ವಿಚಾರಿಸುವುದು ಆಯಾ ಸಂಸ್ಥೆಯದೇ ವಿಭಾಗ ಮಟ್ಟದ ಮತ್ತು ಸಂಸ್ಥೆ ಮಟ್ಟದ ಸಮಿತಿಗಳು. ಇನ್ನೊಂದು ಕಡೆ ಉನ್ನತ ಶಿಕ್ಷಣ ಸಂಸ್ಥೆಗಳ 2025ರ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಹಿಂಪಡೆದ ಪ್ರಬಂಧಗಳಿಗಾಗಿ ಅಂಕ ಕಡಿತ ಶುರುವಾಗಿದೆ. ಅಂದರೆ, ಹಿಂಪಡೆದ ಪ್ರಬಂಧದ ಸುದ್ದಿ ಹೊರಬಂದರೆ ಸಂಸ್ಥೆಗೆ ಈಗ ನೇರ ನಷ್ಟ. ಸಂಸ್ಥೆಯೊಳಗಿನ ಸಮಿತಿ ಬಾಯಿ ಬಿಡಲು ಹಿಂಜರಿಯುವ ಹೊತ್ತಿನಲ್ಲಿ ಹೊರಗೆ ನಿಂತು ನೋಡುವವರು ಬೇಕೇಬೇಕು. 2023ರಲ್ಲಿ ಜಗತ್ತಿನಾದ್ಯಂತ 10 ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಲಾಯಿತು, ಅವುಗಳಲ್ಲಿ 8 ಸಾವಿರಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದವು. ಅವುಗಳಲ್ಲಿ ಬಹುಪಾಲು ತಜ್ಞರ ಪರಿಶೀಲನೆ ದಾಟಿವೆ ಎನ್ನಿಸಿಕೊಂಡೇ ಪ್ರಕಟವಾಗಿದ್ದವು. ಅವುಗಳಲ್ಲಿ ಅನೇಕವುಗಳ ಮೇಲೆ ಮೊದಲು ಅನುಮಾನಪಟ್ಟವರು ಸಂಬಳವಿಲ್ಲದೆ ದುಡಿದ ಹೊರಗಿನವರು.

ಇಂಥ ಕೆಲಸಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಹೊಸದಲ್ಲ. ಅಮೆರಿಕದಲ್ಲಿ ಐವನ್ ಒರಾನ್‌ಸ್ಕಿ ಮತ್ತು ಆಡಂ ಮಾರ್ಕಸ್ ಎಂಬ ಇಬ್ಬರು ಪತ್ರಕರ್ತರು 2010ರಲ್ಲಿ ಆರಂಭಿಸಿದ, ಹಿಂಪಡೆದ ಪ್ರಬಂಧಗಳ ಸುದ್ದಿ ಬರೆಯುವ ‘ರಿಟ್ರಾಕ್ಷನ್ ವಾಚ್’ ತಮ್ಮ ಸಮಿತಿಗೆ ಗೊತ್ತೇ ಇದೆ. ಅದರ ಮಾತೃಸಂಸ್ಥೆಗೆ ಮ್ಯಾಕ್‌ಆರ್ಥರ್ ಪ್ರತಿಷ್ಠಾನದಿಂದ 4 ಲಕ್ಷ ಡಾಲರ್ ಬಂದಿತ್ತು. ದೊಡ್ಡ ಅನುದಾನಗಳು ಮುಗಿದ ಮೇಲೆ ಓದುಗರ ದೇಣಿಗೆ, ಸ್ವಯಂಸೇವಕರ ದುಡಿಮೆಯೂ ಅದಕ್ಕೆ ಆಸರೆಯಾದವು. 2023ರ ಸೆಪ್ಟೆಂಬರ್‌ನಲ್ಲಿ ಅವರ ದತ್ತಾಂಶ ಸಂಗ್ರಹವನ್ನು ಕ್ರಾಸ್‌ರೆಫ್ ಸಂಸ್ಥೆ ಪಡೆದುಕೊಂಡು ಎಲ್ಲರಿಗೂ ಮುಕ್ತಗೊಳಿಸಿತು. ಆರಂಭದಲ್ಲಿ 1,75,000 ಡಾಲರ್, ಆಮೇಲೆ ವರ್ಷಕ್ಕೆ 1,20,000 ಡಾಲರ್, ಅದೂ ವರ್ಷವರ್ಷ ಶೇ. 5ರಷ್ಟು ಏರುವಂತೆ ಒಪ್ಪಂದವಾಯಿತು. ಕ್ರಾಸ್‌ರೆಫ್‌ನ ಸದಸ್ಯರಲ್ಲಿ ಹೆಚ್ಚಿನವರು ಪ್ರಕಾಶಕರೇ. ಅವರ ಪ್ರಬಂಧಗಳೇ ಆ ಸಂಗ್ರಹದಲ್ಲಿರುವುದು. ಆದರೂ ರಿಟ್ರಾಕ್ಷನ್ ವಾಚ್‌ನ ಸುದ್ದಿ ಬರಹ ಈ ಒಪ್ಪಂದದ ಹೊರಗೇ ಉಳಿಯಿತು. ಹಣ ದತ್ತಾಂಶಕ್ಕೆ, ಬರಹದ ಮೇಲೆ ಹಿಡಿತ ಯಾರಿಗೂ ಇಲ್ಲ. ನಾವು ಕೇಳುತ್ತಿರುವುದು ಇಷ್ಟನ್ನೇ.

ಬ್ರಿಟನ್ನಿನಲ್ಲಿ 2006ರಲ್ಲಿ ಹುಟ್ಟಿದ ಸಂಶೋಧನಾ ಪ್ರಾಮಾಣಿಕತಾ ಕಚೇರಿ ವಿಶ್ವವಿದ್ಯಾಲಯಗಳ ವಾರ್ಷಿಕ ಚಂದಾದಿಂದ ನಡೆಯುತ್ತದೆ. ಸ್ವೀಡನ್ 2020ರಿಂದ ಕಾಯ್ದೆಯ ಬಲವಿರುವ ಪ್ರತ್ಯೇಕ ಮಂಡಳಿಯನ್ನೇ ಇಟ್ಟುಕೊಂಡಿದೆ. ನಮ್ಮ ದೇಶದಲ್ಲಿ 1986ರಲ್ಲಿ ವಿಜ್ಞಾನಿಗಳೇ ಸೇರಿ ಕಟ್ಟಿದ ಸೊಸೈಟಿ ಫಾರ್ ಸೈಂಟಿಫಿಕ್ ವ್ಯಾಲ್ಯೂಸ್, ಕಾನೂನಿನ ಅಧಿಕಾರ ಒಂದಿಷ್ಟೂ ಇಲ್ಲದೆ, ಹೆಸರುವಾಸಿಗಳ ಪ್ರಬಂಧಗಳನ್ನೂ ಪ್ರಶ್ನಿಸಿತು. ಇನ್ನು ನಮ್ಮ ಬೆಂಗಳೂರಿನಲ್ಲೇ ಸರ್ ಸಿ.ವಿ. ರಾಮನ್ ಅವರು 1948ರಲ್ಲಿ ಕಟ್ಟಿದ ಸಂಸ್ಥೆಯನ್ನು, ಸರ್ಕಾರಿ ಹಣದ ಬೆನ್ನಿಗೆ ಬರುವ ಕಟ್ಟುಪಾಡು ಬೇಡವೆಂದು, ದೇಣಿಗೆಯಲ್ಲೇ ನಡೆಸಿದರು; ಅದು ಕೇಂದ್ರದ ಅನುದಾನಕ್ಕೆ ಒಳಪಟ್ಟಿದ್ದು ಅವರು ತೀರಿಕೊಂಡ ಮೇಲೆ, 1972ರಲ್ಲಿ. ರಾಮನ್ ಅವರಿಗಿದ್ದ ವರ್ಚಸ್ಸು ನಮಗಿಲ್ಲ. ನಮಗೆ ಸರ್ಕಾರದ ಹಣ ಬೇಕು, ಯಾಕೆಂದರೆ ಅದು ಜನರ ಹಣ, ಈ ಕೆಲಸವೂ ಜನರದೇ.

ಖಾಸಗಿಯವರಿಂದ ಪಡೆಯಿರಿ ಎಂದು ಕಳೆದ ಭೇಟಿಯಲ್ಲಿ ನಮಗೆ ಸಲಹೆ ಬಂತು. ಹಾಗೆ ಪಡೆಯುವುದು ಸುಲಭ ಎಂದು ನಮಗೂ ಗೊತ್ತು. ಒಂದು ಖಾಸಗಿ ವಿಶ್ವವಿದ್ಯಾಲಯ ನಮ್ಮ ವಿಚಾರ ಸಂಕಿರಣಕ್ಕೆ ಪ್ರಾಯೋಜಕತ್ವ ಕೊಡಲು ಮುಂದೆ ಬಂದಿತ್ತು. ಅದೇ ಸಂಸ್ಥೆಯ ಪ್ರಬಂಧಗಳು ನಮ್ಮ ಪರಿಶೀಲನೆಯಲ್ಲಿದ್ದ ಕಾರಣ ಚೆಕ್ಕನ್ನು ವಾಪಸು ಕಳಿಸಿದೆವು (ಅಡಕ 7). ಪ್ರಕಾಶಕರ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಪರಿಶೀಲನೆಯಲ್ಲಿರುವ ಸಂಸ್ಥೆಯ ಹಣ ಮುಟ್ಟುವುದಿಲ್ಲ, ದಾನಿಗಳ ಹೆಸರು ಮೊತ್ತದ ಸಮೇತ ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ, ಒಬ್ಬರೇ ದಾನಿಯ ಮೇಲೆ ಸಂಘ ನಿಲ್ಲುವಂತಿಲ್ಲ. ಇದು ನಮ್ಮ ಉಪವಿಧಿ (ಅಡಕ 8). ಬಡತನದಲ್ಲೂ ಈ ನಿಯಮ ಮುರಿಯದ ಸಂಘಕ್ಕೆ, ಹಣ ಕೊಟ್ಟವರೇ ಬಾಯಿ ಕಟ್ಟಲು ಹೊರಟರೆ ನಾವು ಎಲ್ಲಿಗೆ ಹೋಗಬೇಕು? ಎರಡನೇ ಕಂತು ಬಾರದೆ, ದತ್ತಾಂಶ ನಮೂದಿಸುತ್ತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಸಂಬಳ ಬಾಕಿ ಇದೆ. ಅವರು ಕೆಲಸ ನಿಲ್ಲಿಸಿಲ್ಲ. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ತಮ್ಮ ಕಚೇರಿಗೂ ಆಗಲಿ ಎಂದು ವಿನಯದಿಂದಲೇ ಹೇಳುತ್ತೇವೆ.

ಆದ್ದರಿಂದ 11ನೇ ಷರತ್ತನ್ನು ತಿದ್ದುಪಡಿ ಆದೇಶದ ಮೂಲಕ ಪೂರ್ತಿಯಾಗಿ ಕೈಬಿಡಬೇಕು. ‘ಸಡಿಲಗೊಳಿಸಲಾಗಿದೆ’ ಎಂಬ ಮೌಖಿಕ ಭರವಸೆ ಬೇಡ. ತಡೆಹಿಡಿದ ಕಂತನ್ನು ಕೂಡಲೇ ಬಿಡುಗಡೆ ಮಾಡಬೇಕು. ಮುಂದಿನ ಅನುದಾನವನ್ನು ವರ್ಷವರ್ಷವೂ ಕೈಚಾಚುವಂತೆ ಕೊಡದೆ, ದತ್ತಿನಿಧಿಯಾಗಿ ಠೇವಣಿ ಇಟ್ಟು ಬಡ್ಡಿ ಮಾತ್ರ ಸಂಘಕ್ಕೆ ಬರುವಂತೆ ಮಾಡಬೇಕು. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿಗಳು ಎಷ್ಟೋ ಕಾಲದಿಂದ ನಡೆದುಬಂದಿರುವ ನಾಡು ಇದು, ಈ ವ್ಯವಸ್ಥೆ ಯಾರಿಗೂ ಹೊಸದಲ್ಲ.

ಇದರ ಜೊತೆಗೆ, ಕಂಪನಿ ಕಾಯ್ದೆಯ 135ನೇ ಕಲಂ ಅಡಿ ಬರುವ ಸಿಎಸ್‌ಆರ್ ಹಣಕ್ಕೆ ಸಂಶೋಧನಾ ಪ್ರಾಮಾಣಿಕತೆಯ ಕೆಲಸವೂ ಅರ್ಹವೆಂದು ಸ್ಪಷ್ಟಪಡಿಸುವಂತೆ ಸಂಬಂಧಪಟ್ಟ ಇಲಾಖೆಗೆ ತಾವು ಶಿಫಾರಸು ಮಾಡಬೇಕು. ಕಚೇರಿಗೆ ಸರ್ಕಾರಿ ಕಟ್ಟಡವೊಂದರಲ್ಲಿ ಒಂದು ಕೋಣೆ, ವಿದ್ಯುತ್ ಮತ್ತು ಇಂಟರ್ನೆಟ್ ಸೌಲಭ್ಯ ಒದಗಿಸಿದರೆ ಅನುಕೂಲ. ವಾರ್ಷಿಕ ವಿಚಾರ ಸಂಕಿರಣಕ್ಕೆ ಸಭಾಂಗಣವನ್ನು ರಿಯಾಯಿತಿ ದರದಲ್ಲಿ ಕೊಡಿಸಬೇಕು. ಸಂಶೋಧನಾ ನಿಯತಕಾಲಿಕೆಗಳನ್ನು ಓದಲು ಒದಗಿಸುವ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಕೇಂದ್ರ 6,000 ಕೋಟಿ ರೂಪಾಯಿ ಇಟ್ಟಿದ್ದರೂ ನಮ್ಮಂಥ ಸಂಘಗಳಿಗೆ ಅದರ ಬಾಗಿಲು ಮುಚ್ಚಿದೆ. ಹಾಗಾಗಿ ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಲ್ಲಿ ನಮ್ಮ ನಿವೃತ್ತ ಸದಸ್ಯರಿಗೆ, ಅದರಲ್ಲೂ ಚಿತ್ರಗಳ ಪರಿಶೀಲನೆ ಮಾಡುವ ಗೌರವ ಕಾರ್ಯದರ್ಶಿಯವರಿಗೆ, ಕಾಯಂ ಪ್ರವೇಶಪತ್ರ ಕೊಡಿಸಬೇಕು.

ನಮ್ಮ ಸಂಘದಲ್ಲಿರುವ ಅತಿಥಿ ಉಪನ್ಯಾಸಕರು ವರದಿಯ ಕೆಲಸಕ್ಕೆ ಕೊಟ್ಟ ಅವಧಿಯನ್ನು ಆಯ್ಕೆಯ ವೇಳೆ ಸಂಶೋಧನಾ ಅನುಭವವೆಂದು ಪರಿಗಣಿಸಬೇಕು ಎಂಬುದೂ ನಮ್ಮ ಬೇಡಿಕೆ. ಅವರಲ್ಲಿ ಒಬ್ಬರಿಗೆ, ತಮ್ಮದೇ ಕಾಲೇಜಿನ ಪ್ರಬಂಧವೊಂದರ ಮೇಲೆ ಟಿಪ್ಪಣಿ ಬರೆದ ನಂತರ, ಈ ವರ್ಷ ಕಾರ್ಯಭಾರ ಸಿಕ್ಕಿಲ್ಲ. ಅವರನ್ನು ಮತ್ತೆ ತೆಗೆದುಕೊಳ್ಳುವಂತೆ ಆ ಕಾಲೇಜಿನ ಆಡಳಿತಕ್ಕೆ ತಾವು ಒಂದು ಮಾತು ಬರೆಯಬೇಕೆಂದು ಪ್ರತ್ಯೇಕವಾಗಿ ಕೋರುತ್ತೇವೆ.

ಈ ಮನವಿಗೆ ಈ ತಿಂಗಳ ಕೊನೆಯೊಳಗೆ ಲಿಖಿತ ಹಿಂಬರಹ ನಿರೀಕ್ಷಿಸುತ್ತೇವೆ. ಷರತ್ತು ಹಾಗೇ ಉಳಿದರೆ ಪಡೆದಿರುವ ಮೊದಲ ಕಂತನ್ನೂ ಬಡ್ಡಿ ಸಮೇತ ಹಿಂದಿರುಗಿಸಲು ಸಂಘದ ಸರ್ವಸದಸ್ಯರ ಸಭೆ ನಿರ್ಣಯ ಮಾಡಿದೆ (ಅಡಕ 9). ಅದಕ್ಕಾಗಿ ಸದಸ್ಯರಿಂದ ವಂತಿಗೆ ಎತ್ತಲು ಆರಂಭಿಸಿದ್ದೇವೆ. ವರದಿ ಮಾತ್ರ, ಯಾವ ಹೆಸರನ್ನೂ ಬಿಡದೆ, ನಮ್ಮದೇ ಖರ್ಚಿನಲ್ಲಿ ಅಚ್ಚಾಗುತ್ತದೆ.



ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಗೌರವ ಕಾರ್ಯದರ್ಶಿ, ಖಜಾಂಚಿ ಮತ್ತು ಸದಸ್ಯರು